ಗೋದಾಮಿನಲ್ಲಿ ಸಿನಿಮಾ, ಪಲಾವ್‌ಗೆ ಬಿದ್ದ ನಗು

ಶಿರಸಿಯ ಹಳೆಯ ಅಡಿಕೆ ಗೋದಾಮೊಂದರಲ್ಲಿ ತಿಂಗಳಿಗೊಮ್ಮೆ ಸಾಕ್ಷ್ಯಚಿತ್ರ ತೋರಿಸುತ್ತಾರೆ. ಟಿಕೆಟ್ಟಿಗೆ ನೂರು ರೂಪಾಯಿ, ಮಧ್ಯಂತರದ ಕಷಾಯವೂ ಅದರಲ್ಲೇ ಸೇರಿದೆ. ಮೂರು ಬಾರಿ ಹೋಗಿ ಬಂದವನಾಗಿ ಹೇಳುತ್ತಿದ್ದೇನೆ, ಕಷಾಯಕ್ಕೆ ಪೂರ್ಣ ಅಂಕ. ಕೊತ್ತಂಬರಿ, ಜೀರಿಗೆ ಹದವಾಗಿ ಹುರಿದಿರುತ್ತಾರೆ, ಬೆಲ್ಲವೂ ಹಿಡಿತದಲ್ಲಿರುತ್ತದೆ. ಪ್ಲಾಸ್ಟಿಕ್ ಕುರ್ಚಿಗೆ ಅಂಕ ಕೊಡಲಾರೆ. ಎರಡು ಗಂಟೆ ಕೂತೆದ್ದ ಮೇಲೆ ಸೊಂಟ ನಮ್ಮದೇ ಎಂಬುದಕ್ಕೆ ನೋವೊಂದೇ ಸಾಕ್ಷಿ. ಮಾಡು ತಗಡಿನದು. ಮಳೆ ಜೋರಾದರೆ ಪರದೆಯ ಮೇಲಿನವರು ಬಾಯಿ ಮಾತ್ರ ಆಡಿಸುತ್ತಾರೆ. ಆದರೂ ತೊಂದರೆಯಾಗುವುದಿಲ್ಲ, ಏಕೆಂದರೆ ಕನ್ನಡದ ಸಬ್‌ಟೈಟಲ್ ಇರುತ್ತದೆ. ಹುಡುಗರೇ ರಾತ್ರಿ ಕೂತು ಮಾಡಿದ್ದು. ಈ ಕೆಲಸವನ್ನು ಎಷ್ಟು ಹೊಗಳಿದರೂ ಕಡಿಮೆ.

ಕಳೆದ ಬಾರಿ ಅಮೆರಿಕದ ನಿರ್ದೇಶಕ ಮೈಕೆಲ್ ಮೂರ್ ಅವರ ‘ಫ್ಯಾರನ್‌ಹೀಟ್ 9/11’ ಇತ್ತು. 2004ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರ, ಬುಷ್ ಸರ್ಕಾರ ಮತ್ತು ಇರಾಕ್ ಯುದ್ಧದ ವಿರುದ್ಧ ಮಾಡಿದ್ದು. ಬಾಗಿಲಲ್ಲಿ ಕೊಟ್ಟ ಕರಪತ್ರದಲ್ಲಿ ‘ಅಧಿಕಾರದ ಮುಖವಾಡ ಕಳಚುವ ಚಿತ್ರ’ ಎಂದು ಬರೆದಿತ್ತು. ನಿಜವೇ. ಆದರೆ ಕರಪತ್ರದಲ್ಲಿ ಇಲ್ಲದ ಒಂದು ದೃಶ್ಯ ಚಿತ್ರದ ಮೊದಲ ಭಾಗದಲ್ಲೇ ಬರುತ್ತದೆ.

2001ರ ಜನವರಿ. ಅಮೆರಿಕದ ಸಂಸತ್ತಿನ ಜಂಟಿ ಅಧಿವೇಶನ. ಅಧ್ಯಕ್ಷ ಚುನಾವಣೆಯಲ್ಲಿ ಬುಷ್ ಅವರನ್ನು ಗೆಲ್ಲಿಸಿದ ಫ್ಲೋರಿಡಾದ ಮತಗಳನ್ನು ಒಪ್ಪಬಾರದೆಂದು ಕೆಳಮನೆಯ ಸದಸ್ಯರು, ಹೆಚ್ಚಿನವರು ಕರಿಯರು, ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರೆ. ಪೀಠದಲ್ಲಿ ಕೂತವರು ಆ ಚುನಾವಣೆಯಲ್ಲಿ ಸೋತ ಅಲ್ ಗೋರ್, ಆಗಿನ್ನೂ ಉಪಾಧ್ಯಕ್ಷರು. ಎದ್ದವರಿಗೆಲ್ಲ ಅವರದು ಒಂದೇ ಪ್ರಶ್ನೆ: ನಿಮ್ಮ ಆಕ್ಷೇಪಣೆಗೆ ಒಬ್ಬ ಸೆನೆಟರ್, ಅಂದರೆ ಮೇಲ್ಮನೆ ಸದಸ್ಯರ ಸಹಿ ಇದೆಯೇ? ಇಲ್ಲ. ಕೂತುಕೊಳ್ಳಿ. ಮುಂದಿನವರು. ಅವರಿಗೂ ಇಲ್ಲ.

ನಾನು ಸಿದ್ದಿ, ಆಫ್ರಿಕಾ ಮೂಲದ ಸಮುದಾಯದವನು. ಊರು ಯಲ್ಲಾಪುರದ ಕಡೆ, ಕೆಲಸ ಶಿರಸಿಯಲ್ಲಿ, ಲೆಕ್ಕಪತ್ರ ಬರೆಯುವುದು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದಕ್ಕೂ ಮೊದಲು ಅಪ್ಪ ನನ್ನ ಶಾಲೆಯ ಕಾಗದ ಹಿಡಿದುಕೊಂಡು ಕಚೇರಿಯೊಂದಕ್ಕೆ ಅಲೆಯುತ್ತಿದ್ದರು. ಎಲ್ಲವೂ ಸರಿಯಾಗಿದೆ, ಒಂದು ಸಹಿ ಮಾತ್ರ ಬೇಕು ಎನ್ನುತ್ತಿದ್ದರಂತೆ. ಆದ್ದರಿಂದ ಆ ದೃಶ್ಯ ನನಗೆ ವಾಷಿಂಗ್ಟನ್ನಿನದು ಅನ್ನಿಸಲೇ ಇಲ್ಲ. ಆ ಜನವರಿಯಲ್ಲಿ ಸೆನೆಟ್ಟಿನ ನೂರು ಸದಸ್ಯರಲ್ಲಿ ಕರಿಯರು ಒಬ್ಬರೂ ಇರಲಿಲ್ಲ. ಚಿತ್ರ ಆ ಮಾತಿನ ಅಂಚಿನವರೆಗೆ ಹೋಗುತ್ತದೆ, ಆಮೇಲೆ ಬುಷ್ ಅವರ ರಜೆ, ತೈಲ, ಸೌದಿ ದೊರೆಗಳೆಂದು ಬೇರೆ ದಾರಿ ಹಿಡಿಯುತ್ತದೆ. ಎದ್ದು ನಿಂತವರು ಮನೆಗೆ ಹೋಗಿ ಏನು ಹೇಳಿದರು? ಮೂರ್ ಕೇಳುವುದಿಲ್ಲ. ಅವರಿಗೆ ಬೇಕಾಗಿದ್ದು ಬುಷ್ ಮೇಲಿನ ದೋಷಾರೋಪಕ್ಕೆ ಸಾಕ್ಷಿಗಳು. ಸಾಕ್ಷಿ ಸಿಕ್ಕಿತು, ವಿಚಾರಣೆ ಮುಂದಕ್ಕೆ ಹೋಯಿತು.

ಇನ್ನು ನಗುವಿನ ವಿಷಯ. ಇರಾಕ್ ಯುದ್ಧದಲ್ಲಿ ಅಮೆರಿಕದ ಜೊತೆ ನಿಂತ ದೇಶಗಳನ್ನು ಮೂರ್ ಗೇಲಿ ಮಾಡುತ್ತಾರೆ. ಪಲಾವ್ ಎಂಬ ದ್ವೀಪರಾಷ್ಟ್ರಕ್ಕೆ ಕುಣಿಯುವ ದ್ವೀಪವಾಸಿಗಳ ಹಳೆಯ ದೃಶ್ಯ, ಕೋಸ್ಟರಿಕಾಕ್ಕೆ ಎತ್ತಿನ ಗಾಡಿ, ಮೊರಾಕೊಗೆ ಮಂಗಗಳು. ಸಬ್‌ಟೈಟಲ್‌ನಲ್ಲಿ ‘ಪಲಾವ್’ ಎಂದು ಬಂದದ್ದೇ ತಡ, ಗೋದಾಮಿಗೆ ಗೋದಾಮೇ ನಕ್ಕಿತು. ನಾನೂ ನಕ್ಕೆ, ಹೊಟ್ಟೆ ಹಸಿದಿತ್ತು. ನಂತರ ಮಂಗಗಳು ಬಂದಾಗ ನನ್ನ ನಗು ನಿಂತಿತು. ಸೈನ್ಯ ಕಳುಹಿಸಿದ್ದ ಬ್ರಿಟನ್, ಆಸ್ಟ್ರೇಲಿಯಾ, ಪೋಲೆಂಡ್ ಆ ಪಟ್ಟಿಯಲ್ಲಿಲ್ಲ. ಐಸ್‌ಲ್ಯಾಂಡ್, ರೊಮೇನಿಯಾಗಳನ್ನೂ ಗೇಲಿ ಮಾಡಿದ್ದಾರಲ್ಲ ಎಂದು ಪಕ್ಕದವರು ಆಮೇಲೆ ವಾದಿಸಿದರು. ಒಪ್ಪುತ್ತೇನೆ. ಆದರೆ ವೈಕಿಂಗ್ ವೇಷ ನೋಡಿ ಐಸ್‌ಲ್ಯಾಂಡಿನವನಿಗೆ ಯಾರೂ ಬಾಡಿಗೆ ಮನೆ ನಿರಾಕರಿಸುವುದಿಲ್ಲ.

ಒಮ್ಮೆ ಚುನಾವಣೆಯ ಸಮಯದಲ್ಲಿ ಟಿವಿಯವರು ನಮ್ಮ ಊರಿಗೆ ಬಂದಿದ್ದರು. ಅರಣ್ಯ ಹಕ್ಕಿನ ಅರ್ಜಿಗಳ ಪಟ್ಟಿ ಮಾಡಿಕೊಂಡು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಾದಿದ್ದೆ. ಅವರು ನಮ್ಮ ಕುಣಿತದ ಡೋಲು ಡಮಾಮಿ ಎಲ್ಲಿ ಎಂದು ಕೇಳಿದರು. ಪ್ರಸಾರವಾದಾಗ ಬಾರಿಸುವ ಕೈಗಳಿದ್ದವು, ನನ್ನ ಪಟ್ಟಿ ಇರಲಿಲ್ಲ.

ಚಿತ್ರದ ಕೊನೆಯ ಭಾಗ ಗಟ್ಟಿಯಾಗಿದೆ. ಫ್ಲಿಂಟ್ ನಗರದ ಬಡ ಹುಡುಗರನ್ನು ಸೈನ್ಯಕ್ಕೆ ಸೇರಿಸಲು ಬರುವವರು ಶ್ರೀಮಂತರ ಮಾಲ್ ಬಿಟ್ಟು ಬಡವರು ಬರುವ ಮಾಲ್‌ಗೆ ಹೋಗುತ್ತಾರೆ. ಹಾಡುಗಾರನಾಗಬೇಕೆಂದ ಹುಡುಗನಿಗೆ, ಗಾಯಕ ಶ್ಯಾಗಿ ಕೂಡ ನಮ್ಮಲ್ಲಿದ್ದವನೇ ಎನ್ನುತ್ತಾರೆ. ಇದನ್ನು ಬೇರೆ ಯಾರೂ ಇಷ್ಟು ಹತ್ತಿರದಿಂದ ತೋರಿಸಿರಲಿಕ್ಕಿಲ್ಲ. ಮಗನನ್ನು ಕಳೆದುಕೊಂಡ ಲೈಲಾ ಲಿಪ್ಸ್‌ಕಂಬ್ ಅವನ ಪತ್ರ ಓದುವಾಗ ಮಳೆಯೂ ನಿಂತಂತಿತ್ತು. ಆದರೆ ಲೆಕ್ಕ ಬರೆಯುವವನ ಕಣ್ಣು ನನ್ನದು. ಈ ಬಿಳಿಯ ತಾಯಿಗೆ ಹೆಸರಿದೆ, ಮನೆಯಿದೆ, ಅಳಲು ಸಮಯವಿದೆ. ಮನೆ ಉರುಳಿದ ಜಾಗದಲ್ಲಿ ನಿಂತು ಎದೆ ಬಡಿದುಕೊಳ್ಳುವ ಇರಾಕಿ ಹೆಂಗಸಿಗೆ ಕೆಲವು ಕ್ಷಣಗಳಷ್ಟೇ. ಆಕೆ ಕೂಗುವುದನ್ನು ಓದಿದೆವು, ಆಕೆ ಯಾರೆಂದು ತಿಳಿಯಲಿಲ್ಲ.

ಪ್ರದರ್ಶನದ ನಂತರದ ಚರ್ಚೆ ಈ ಸೇವೆಯ ಬಲಹೀನ ಭಾಗ. ಮೊದಲ ನಲವತ್ತು ನಿಮಿಷ ಮೈಕು ಮುಂದಿನ ಸಾಲಿನಲ್ಲೇ ಸುತ್ತಿತು. ಯಲ್ಲಾಪುರದ ಕಡೆಗೆ ಹೋಗುವವರು ಕೊನೆಯ ಬಸ್ಸಿನ ಆಸೆ ಬಿಡಬೇಕು. ಕಡೆಗೆ ನನ್ನ ಕೈಗೆ ಬಂದಾಗ ಸಹಿಯ ದೃಶ್ಯದ ಬಗ್ಗೆ ಮಾತಾಡಿದೆ, ಕರಪತ್ರದಲ್ಲಿ ಅದೇಕಿಲ್ಲ ಎಂದು ಕೇಳಿದೆ. ನಡೆಸುವವರು ಸಜ್ಜನರು, ಬರೆದುಕೊಂಡರು. ಹೊರಡುವಾಗ ಬಾಗಿಲ ತನಕ ಬಂದು, ‘ಮುಂದಿನ ತಿಂಗಳು ಸಿನಿಮಾಕ್ಕೆ ಮೊದಲು ನಿಮ್ಮವರ ಡಮಾಮಿ ಒಂದು ಹತ್ತು ನಿಮಿಷ ಇಡಬಹುದೇ ಸರ್?’ ಎಂದರು.

ನನಗೆ ಬಾರಿಸಲು ಬರುವುದಿಲ್ಲ, ಲೆಕ್ಕ ಬರೆಯಲು ಬರುತ್ತದೆ ಎಂದೆ. ಅವರ ಮುಖ ಕೆಂಪಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅದೇ ಹೆಚ್ಚು ಬೇಕಾಗಿದೆ’ ಎಂದರು. ಈಗ ಟಿಕೆಟ್ಟಿನ ವಹಿ ನನ್ನ ಬಳಿ ಇದೆ, ಆದ್ದರಿಂದ ಈ ವಿಮರ್ಶೆಯನ್ನು ಪೂರ್ತಿ ನಿಷ್ಪಕ್ಷಪಾತ ಎನ್ನಲಾರೆ. ಕುರ್ಚಿಗಳಿಗೆ ದಿಂಬು ಕೊಳ್ಳುವಷ್ಟು ಹಣವಂತೂ ಉಳಿದಿದೆ.