ಸ್ಪ್ರಿಂಗ್, ಗಾಳಿ, ಎಣ್ಣೆ: ಮೂರು ಬ್ರೇಕರ್‌ಗಳ ಜೊತೆ ಏಗಿದ ಮೇಲೆ

220 ಕೆವಿ ಸಬ್‌ಸ್ಟೇಷನ್ ಯಾರ್ಡ್‌ನಲ್ಲಿ ಮೂರೂ ಜಾತಿಯ ಬ್ರೇಕರ್‌ಗಳನ್ನು, ಅಂದರೆ ಫಾಲ್ಟ್ ಬಂದಾಗ ಕರೆಂಟ್ ಕಡಿಯುವ ದೊಡ್ಡ ಸ್ವಿಚ್‌ಗಳನ್ನು, ನೋಡಿಕೊಂಡಿದ್ದೇನೆ. ಮೇಲೆ ಮೂರರಲ್ಲೂ ಕಿಡಿ ಆರಿಸಲು ಅದೇ ಎಸ್‌ಎಫ್‌6 ಗ್ಯಾಸ್. ವ್ಯತ್ಯಾಸ ಇರುವುದು ಕೆಳಗಿನ ಪೆಟ್ಟಿಗೆಯಲ್ಲಿ, ಕಾಂಟ್ಯಾಕ್ಟ್ ಎಳೆಯುವ ಮೆಕ್ಯಾನಿಸಂನಲ್ಲಿ. ತಲೆನೋವು ಜಾಸ್ತಿ ಬರುವುದೂ ಅಲ್ಲಿಂದಲೇ. ವಿದ್ಯುತ್ ಜಾಲದವರ ಅಂತರರಾಷ್ಟ್ರೀಯ ಸಂಸ್ಥೆ ಸಿಗ್ರೆಯವರ 2004–2007ರ ಸಮೀಕ್ಷೆಯಲ್ಲೂ ದೊಡ್ಡ ಕೆಡುಕುಗಳಲ್ಲಿ ಸುಮಾರು ಅರ್ಧ ಮೆಕ್ಯಾನಿಸಂನದ್ದೇ.

ಗಾಳಿಯದ್ದು ಬಲು ಕಿರಿಕಿರಿ. ನಮ್ಮದರಲ್ಲಿ ಟ್ರಿಪ್ ಆಗುವುದು, ಅಂದರೆ ತೆರೆದುಕೊಳ್ಳುವುದು, ಸುಮಾರು 15 ಕೆಜಿ ಪ್ರೆಷರ್‌ನ (ಚದರ ಸೆಂ.ಮೀ.ಗೆ) ಗಾಳಿಯಿಂದ, ಕ್ಲೋಸ್ ಆಗುವುದು ಸ್ಪ್ರಿಂಗ್‌ನಿಂದ. ಮಳೆಗಾಲದಲ್ಲಿ ಟ್ಯಾಂಕ್‌ನ ನೀರು ಬಿಡುವುದು ಮರೆತರೆ ವಾಲ್ವ್‌ಗೆ ತುಕ್ಕು ಗ್ಯಾರಂಟಿ. ಸೋಪಿನ ನೀರು ಹಿಡಿದುಕೊಂಡು ಒಂದೊಂದೇ ಜಾಯಿಂಟ್‌ಗೆ ಬಳಿಯುತ್ತಾ ಗುಳ್ಳೆ ಎಲ್ಲಿ ಬರುತ್ತದೆ ಎಂದು ಕೂತು ನೋಡಿದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ಆದರೆ ಅದು ಸುಳ್ಳು ಹೇಳುವುದಿಲ್ಲ. ಲೀಕ್ ಆದರೆ ಬುಸ್ ಅನ್ನುತ್ತದೆ. ಪ್ರೆಷರ್ ಇಳಿದರೆ ಅಲಾರಂ, ಇನ್ನೂ ಇಳಿದರೆ ಲಾಕ್‌ಔಟ್, ಬ್ರೇಕರ್ ಕೆಲಸ ಮಾಡದ ಹಾಗೆ ತಡೆಹಿಡಿಯುತ್ತದೆ.

ಹೈಡ್ರಾಲಿಕ್‌ಗೆ ಶಕ್ತಿ ಇದೆ, ನಾಜೂಕೂ ಅಷ್ಟೇ. 300 ಬಾರ್‌ಗೂ ಮೇಲಿನ ಎಣ್ಣೆ. ಲೀಕ್ ಎಲ್ಲಿದೆ ಎಂದು ಬೆರಳಿನಿಂದ ಸವರಿ ನೋಡಬೇಡಿ, ಆ ಪ್ರೆಷರ್‌ನಲ್ಲಿ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಕಾಣದೆ ವಾಲ್ವ್ ಒಳಗೇ ಸೋರುವುದುಂಟು. ಆಗ ಪಂಪ್ ಪದೇ ಪದೇ ಸ್ಟಾರ್ಟ್ ಆಗುತ್ತದೆ, ಕೌಂಟರ್ ನೋಡಿದರೆ ಗೊತ್ತಾಗಿಬಿಡುತ್ತದೆ.

ಇನ್ನು ಸ್ಪ್ರಿಂಗ್. ಗಾಳಿ ಬೇಡ, ಎಣ್ಣೆ ಬೇಡ, ಮೋಟಾರ್ ಒಮ್ಮೆ ಸ್ಪ್ರಿಂಗ್ ಎಳೆದು ಚಾರ್ಜ್ ಮಾಡಿದರೆ, ಆಮೇಲೆ ಮೋಟಾರ್ ಕೆಟ್ಟರೂ ಒಂದು ಓಪನ್-ಕ್ಲೋಸ್-ಓಪನ್ ಮಾಡುತ್ತದೆ. ಅದಕ್ಕೇ ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಆದರೆ ಒಳಗೇನಾಗಿದೆ ಎಂದು ಬಾಯಿ ಬಿಡುವುದಿಲ್ಲ. ಎರಡು ವರ್ಷ ಅಲುಗಾಡದೆ ನಿಂತಿದ್ದ ಒಂದು ಬ್ರೇಕರ್‌ಗೆ ಶಟ್‌ಡೌನ್ ತೆಗೆದುಕೊಂಡು ಟೈಮಿಂಗ್ ಟೆಸ್ಟ್ ಮಾಡಿದೆವು, ಅಂದರೆ ಟ್ರಿಪ್ ಕೊಟ್ಟ ಮೇಲೆ ಕಾಂಟ್ಯಾಕ್ಟ್ ಬಿಡಲು ಎಷ್ಟು ಹೊತ್ತು ಎಂದು ಅಳೆದೆವು. ಟೆಸ್ಟ್‌ನ ಮೊದಲ ಟ್ರಿಪ್ 61 ಮಿಲಿಸೆಕೆಂಡ್. ಎರಡನೆಯದು 36. ಮೂರನೆಯದು 31, ಅಂದರೆ ಸರಿಯಾಗಿದೆ! ಜೊತೆಗಿದ್ದವರು ಮೂರನೆಯದನ್ನೇ ಬರೆಯೋಣ ಅಂದರು. ಫಾಲ್ಟ್ ಬಂದಾಗ ಮೊದಲು ಎರಡು ಸಲ ಅಭ್ಯಾಸ ಮಾಡಲು ಬಿಡುತ್ತದಾ? ಸ್ಪ್ರಿಂಗ್ ಹಿಡಿದಿಡುವ ಕೊಂಡಿ, ಅದೇ ಲ್ಯಾಚ್, ಬಿಚ್ಚಿ ನೋಡಿದರೆ ಗ್ರೀಸ್ ಒಣಗಿ ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಇನ್ನಷ್ಟು ಬಿಟ್ಟಿದ್ದರೆ ಲ್ಯಾಚ್ ಬಿಡುತ್ತಲೇ ಇರಲಿಲ್ಲ, ಕ್ಷಣಮಾತ್ರಕ್ಕೆ ಅಂತ ಮಾಡಿದ ಟ್ರಿಪ್ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇದ್ದು ಅದೂ ಸುಟ್ಟು, ಎಲ್‌ಬಿಬಿ (ಒಂದು ಬ್ರೇಕರ್ ಕೈಕೊಟ್ಟರೆ ಸುತ್ತಲಿನವನ್ನು ಟ್ರಿಪ್ ಮಾಡುವ ರಕ್ಷಣೆ) ಬಂದು ಇಡೀ ಬಸ್, ಅಂದರೆ ಲೈನ್‌ಗಳೆಲ್ಲ ಸೇರುವ ಕಂಬಿ, ಹೋಗಿರುತ್ತಿತ್ತು.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸರಿಯಾಯ್ತು ಅನ್ನುವವರಿದ್ದಾರೆ. ಸುಮ್ನೆ ಆ ಕೆಲಸ ಮಾಡಬೇಡಿ, ಉಳಿದ ಗ್ರೀಸೂ ತೊಳೆದುಹೋಗುತ್ತದೆ. ಹಳೆಯದನ್ನು ಪೂರ್ತಿ ತೆಗೆದು ಕಂಪನಿ ಹೇಳಿದ ಗ್ರೀಸನ್ನೇ ಹಾಕಿ. ಅದಕ್ಕೂ ಮೊದಲು ಮೋಟಾರ್ ಸಪ್ಲೈ ತೆಗೆದು ಕ್ಲೋಸ್‌ನದ್ದು, ಟ್ರಿಪ್‌ನದ್ದು ಎರಡೂ ಸ್ಪ್ರಿಂಗ್ ಡಿಸ್‌ಚಾರ್ಜ್ ಮಾಡಿ, ಬೆರಳು ಬೇಕು ಅಲ್ವಾ.

ಹೊಸದು ತರುವುದಾದರೆ ನನ್ನ ವೋಟು ಸ್ಪ್ರಿಂಗ್‌ಗೇ. ಗಾಳಿಯದ್ದು ಈಗಾಗಲೇ ಇದ್ದು, ನೀರು ಬಿಡಲು ದಿನಾ ಒಬ್ಬರು ಸಿಗುವ ಹಾಗಿದ್ದರೆ ಓಡಿಸಬಹುದು. ಹೈಡ್ರಾಲಿಕ್‌ಗೆ ಎಣ್ಣೆ ಸೋರದಂತೆ ತಡೆಯುವ ಓ-ರಿಂಗ್ ಕಿಟ್ ಕೈಯಲ್ಲಿರಲಿ. ಸ್ಪ್ರಿಂಗ್ ತಂದವರು ಮಾತ್ರ ಒಂದು ನೆನಪಿಡಿ, ಟೈಮಿಂಗ್ ಕಿಟ್‌ನ ವೈರ್ ಕಟ್ಟುವುದು ಬ್ರೇಕರ್ ಟ್ರಿಪ್ ಮಾಡಿ, ಐಸೊಲೇಟರ್ (ಲೋಡ್ ಇಲ್ಲದಾಗ ಮಾತ್ರ ತೆಗೆಯುವ ಸ್ವಿಚ್) ತೆಗೆದು, ಅರ್ಥಿಂಗ್ ಹಾಕಿದ ಮೇಲೆಯೇ. ಐಸೊಲೇಟರ್ ತೆಗೆಯಲೆಂದು ಮೊದಲೇ ಟ್ರಿಪ್ ಕೊಡಲೇಬೇಕು, ಹಾಗಾಗಿ ನಿಜವಾದ ಮೊದಲ ಟ್ರಿಪ್ ಕಿಟ್‌ಗೆ ಸಿಗದೆ ಅಲ್ಲೇ ಹೋಗುತ್ತದೆ. ಅದಕ್ಕೆ ನಾವೀಗ ಆ ಟ್ರಿಪ್‌ನಲ್ಲೇ ಕಾಯಿಲ್ ಕರೆಂಟ್‌ಗೆ ಕ್ಲ್ಯಾಂಪ್ ಹಾಕಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ.