ಒಂದೇ ಪದ, ಮೂರು ದಪ್ಪ ಸೆರಿಫ್‌ಗಳು

ತೋಟಗಾರಿಕೆಯ ಪುಸ್ತಕವೊಂದರ ಮುಖಪುಟಕ್ಕೆ ದಪ್ಪ ಸೆರಿಫ್ ಫಾಂಟ್ ಬೇಕಿತ್ತು. ಅಕ್ಷರದ ಗೆರೆಗಳ ತುದಿಯಲ್ಲಿರುವ ಪುಟ್ಟ ಅಡ್ಡ ಚಾಚುಗಳೇ ಸೆರಿಫ್. ಸುಮ್ನೆ ಸ್ಕ್ರೀನ್ ನೋಡಿ ಆರಿಸಲು ಮನಸ್ಸಾಗಲಿಲ್ಲ. ಅಬ್ರಿಲ್ ಫ್ಯಾಟ್‌ಫೇಸ್, ಕ್ಲಾರೆಂಡನ್ ಬೋಲ್ಡ್, ಕೂಪರ್ ಬ್ಲ್ಯಾಕ್ ಈ ಮೂರರಲ್ಲೂ ಇಂಗ್ಲಿಷಿನ ‘ಗಾರ್ಡನ್’ ಪದವನ್ನು ಸ್ಮಾಲ್ ಲೆಟರ್‌ನಲ್ಲಿ 72, 24, 12 ಪಾಯಿಂಟ್ ಗಾತ್ರದಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಆ ಪದದಲ್ಲಿ ಎ, ಆರ್, ಇ ಇವೆ. ಫಾಂಟ್‌ನ ಗುಣ ಬೇಗ ಗೊತ್ತಾಗೋದು ಈ ಅಕ್ಷರಗಳಲ್ಲೇ.

ಮೊದಲ ನೋಟಕ್ಕೆ ಅಬ್ರಿಲ್ ಗೆದ್ದಿತು. 19ನೇ ಶತಮಾನದ ಬ್ರಿಟಿಷ್, ಫ್ರೆಂಚ್ ಜಾಹೀರಾತು ಪೋಸ್ಟರ್‌ಗಳ ಧಾಟಿ ಅದರದು. ನಿಂತ ಗೆರೆ ಕಂಬದಷ್ಟು ದಪ್ಪ, ಅಡ್ಡ ಗೆರೆ ಕೂದಲೆಳೆಯಷ್ಟು ಸಣ್ಣ. 72 ಪಾಯಿಂಟ್‌ನಲ್ಲಿ ಈ ಜೋಡಿ ಎಷ್ಟು ಚೆಂದ! ಆದರೆ 12ಕ್ಕೆ ಇಳಿದಾಗ ‘ಇ’ ಅಕ್ಷರದ ನಡುವಿನ ಅಡ್ಡಗೆರೆ ಮಾಯವಾಗಿ ಅದು ‘ಸಿ’ ತರಹ ಕಂಡಿತು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಹಾಕಿದರೆ ಇನ್ನೂ ಕಷ್ಟ. ಸುತ್ತಲಿನ ಕಪ್ಪು ಹರಡಿ ಆ ಎಳೆಗಳನ್ನು ನುಂಗಿಬಿಡುತ್ತದೆ.

ಕೂಪರ್ ಬ್ಲ್ಯಾಕ್‌ನಲ್ಲಿ ಚೂಪಾದ ಮೂಲೆಯೇ ಇಲ್ಲ. ಆಸ್ವಾಲ್ಡ್ ಕೂಪರ್ 1922ರಲ್ಲಿ ಮಾಡಿದ ಫಾಂಟ್ ಇದು. ಸೆರಿಫ್‌ನ ತಳವೂ ಉಬ್ಬಿದೆ, ಹಾಗಾಗಿ ಅಕ್ಷರಗಳು ಗೆರೆಯ ಮೇಲೆ ಮೆತ್ತಗೆ ಕೂತ ಹಾಗಿರುತ್ತವೆ. ಒಳಗಿನ ಬಿಳಿ ಜಾಗ ತೀರಾ ಕಡಿಮೆ. ಅದಕ್ಕೇ ಅಕ್ಷರಗಳ ನಡುವಿನ ಜಾಗವನ್ನೂ ಸ್ವಲ್ಪ ಕಡಿಮೆ ಮಾಡಿ ನೋಡಿದೆ, ಪದ ತಕ್ಷಣ ಒಂದು ಮುದ್ದೆಯಾಗಿ ಕೂಡಿಕೊಂಡಿತು. ಮಕ್ಕಳ ಪೋಸ್ಟರ್‌ಗೆ, ತಿಂಡಿ ಪೊಟ್ಟಣಕ್ಕೆ ಕಣ್ಣು ಮುಚ್ಚಿ ಹಾಕಬಹುದು. 12 ಪಾಯಿಂಟ್‌ನಲ್ಲಿ ಮಾತ್ರ ‘ಇ’ಯ ಕಣ್ಣು, ಅಂದರೆ ಅದರೊಳಗಿನ ಬಿಳಿ ಕಿಂಡಿ, ಮುಚ್ಚಿಹೋಯಿತು. ಎಲ್ಲಾ ಕ್ಯಾಪಿಟಲ್ ಲೆಟರ್ ಹಾಕಲಂತೂ ಹೋಗಬೇಡಿ, ಜಾಸ್ತಿ ಭಾರ.

ಕ್ಲಾರೆಂಡನ್‌ಗೆ ನಾನು ಮೊದಲು ಗಮನವನ್ನೇ ಕೊಟ್ಟಿರಲಿಲ್ಲ. 1845ರಲ್ಲಿ ಲಂಡನ್ನಿನ ರಾಬರ್ಟ್ ಬೆಸ್ಲಿಯ ಅಚ್ಚಿನ ಮೊಳೆ ಕಾರ್ಖಾನೆಯಿಂದ ಬಂದದ್ದು. ಸಾಮಾನ್ಯ ಅಕ್ಷರಗಳ ನಡುವೆ ಒಂದು ಪದವನ್ನು ಎತ್ತಿ ತೋರಿಸಲೆಂದೇ ಮಾಡಿದ ಬೋಲ್ಡ್ ಅದು, ಡಿಕ್ಷನರಿಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಆ ಹುಟ್ಟುಗುಣ ನನ್ನ ಗೋಡೆಯ ಮೇಲೂ ಕಂಡಿತು. ಇಲ್ಲಿ ಸಣ್ಣ ಗೆರೆಗಳಿಗೂ ತಕ್ಕ ಮೈಕಟ್ಟಿದೆ. ಸೆರಿಫ್‌ಗಳು ದಪ್ಪ, ನಿಂತ ಗೆರೆಗೆ ಬಾಗಿ ಸೇರಿಕೊಳ್ಳುತ್ತವೆ. ‘ಎ’, ‘ಆರ್’ ತುದಿಯಲ್ಲಿ ಉರುಟು ಗುಂಡುಗಳಿವೆ. 12 ಪಾಯಿಂಟ್‌ನಲ್ಲಿ ಪ್ರತಿ ಅಕ್ಷರವೂ ಬಿಡಿಸಿಟ್ಟಂತೆ ಕಂಡಿತು. ಬಿಳಿ ಅಕ್ಷರದಲ್ಲೂ ಏನೂ ಕಳೆದುಹೋಗಲಿಲ್ಲ. ಅಗಲ ಜಾಸ್ತಿ ತಗೊಳ್ಳುತ್ತದೆ, ಉದ್ದ ಹೆಸರಾದರೆ ಎರಡು ಸಾಲು ಬೇಕಾಗುತ್ತದೆ ಅಷ್ಟೇ.

ಮುಖಪುಟವನ್ನು ಈಗ ಫೋನಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾಗಿಯೂ ನೋಡುತ್ತಾರೆ, ಅಲ್ವಾ? ಹಾಗಾಗಿ ಅಲ್ಲಿಗೆ ಕ್ಲಾರೆಂಡನ್ ಹಾಕಿದೆ. ಅಬ್ರಿಲ್ ಅನ್ನು ಬಿಡಲು ಮನಸ್ಸು ಒಪ್ಪಲಿಲ್ಲ. ಅಧ್ಯಾಯದ ಸಂಖ್ಯೆಗಳನ್ನು ಅದರಲ್ಲೇ 120 ಪಾಯಿಂಟ್‌ಗೆ ಇಟ್ಟೆ. ಅದರ 2ರ ಬಾಗು ನೋಡಬೇಕು ನೀವು, ಇಡೀ ಪುಟಕ್ಕೆ ಅದೊಂದೇ ಚಿತ್ರ ಸಾಕು.