ಒಂದು ಬ್ರಾಕೆಟ್, ನಾಲ್ಕು ಜಾಗ: ಅಸೆಂಬ್ಲಿ ಮಾದರಿಯೊಂದಿಗೆ ಮೂರು ವಾರ

ಗೇರ್‌ಬಾಕ್ಸ್ ಕವಚವೊಂದರ ಕಂಪನ ವಿಶ್ಲೇಷಣೆಗೆಂದು ನಮ್ಮ ಸಿಮ್ಯುಲೇಶನ್ ತಂತ್ರಾಂಶದ ಅಸೆಂಬ್ಲಿ ಫೈನೈಟ್ ಎಲಿಮೆಂಟ್ ಸೌಲಭ್ಯವನ್ನು, ಅಂದರೆ ಬಿಡಿಭಾಗಗಳನ್ನು ಬೇರೆ ಬೇರೆಯಾಗಿ ಮೆಶ್ ಮಾಡಿ (ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು) ಆಮೇಲೆ ಜೋಡಿಸುವ ಸೌಲಭ್ಯವನ್ನು, ಮೂರು ವಾರ ಬಳಸಿದೆ. ಇಡೀ ಜೋಡಣೆಯನ್ನು ಒಂದೇ ಕಡತದಲ್ಲಿ ಮೆಶ್ ಮಾಡಿ ಒದ್ದಾಡುತ್ತಿದ್ದ ನನಗೆ ಇದು ದೊಡ್ಡ ಬಿಡುಗಡೆ. ಆಧಾರದ ಬ್ರಾಕೆಟ್ ನಾಲ್ಕು ಕಡೆ ಬರುತ್ತದೆ; ಮೆಶ್ ಮಾಡಿದ್ದು ಒಮ್ಮೆ ಮಾತ್ರ. ರಂಧ್ರದ ಸುತ್ತ ಎಲಿಮೆಂಟ್‌ಗಳನ್ನು ಸಣ್ಣದಾಗಿಸಿ ಅಪ್‌ಡೇಟ್ ಒತ್ತಿದರೆ ನಾಲ್ಕೂ ಬದಲಾಗುತ್ತವೆ.

ಕಿರಿಕಿರಿ ಶುರುವಾದದ್ದು ನೋಡ್‌ಗಳ (ಎಲಿಮೆಂಟ್‌ಗಳು ಕೂಡುವ ಬಿಂದುಗಳ) ಸಂಖ್ಯೆಗಳಿಂದ. ಪ್ರತಿ ಬಿಡಿಭಾಗವೂ 1ರಿಂದಲೇ ಎಣಿಸಿಕೊಂಡು ಬಂದಿತ್ತು. ಸಂಖ್ಯೆಗಳು ಒಂದರ ಮೇಲೊಂದು ಬೀಳದಂತೆ ಆಫ್‌ಸೆಟ್ (ಪ್ರತಿ ಭಾಗಕ್ಕೂ ಬೇರೆ ಆರಂಭದ ಸಂಖ್ಯೆ) ಕೊಡುವವರೆಗೂ ಲೆಕ್ಕ ಬಿಡಿಸುವ ಸಾಲ್ವರ್ ಕದಲಲಿಲ್ಲ. ಎಚ್ಚರಿಕೆ ಕೊಡುತ್ತದೆ, ನಿಜ, ಆದರೆ ಪರದೆಯ ಮೂಲೆಯಲ್ಲಿ, ಗುಟ್ಟು ಹೇಳುವಂತೆ.

ಭಾಗಗಳು ಒಂದನ್ನೊಂದು ಮುಟ್ಟಿಕೊಂಡಿವೆ ಎಂದು ಕಣ್ಣು ಹೇಳಿದ್ದನ್ನು ನಂಬಿ ಕೆಟ್ಟೆ. ಎಲ್ಲಿಯೂ ಬಿಗಿಯದೆ ತೇಲಬಿಟ್ಟ ಮಾದರಿಗೆ ಸೊನ್ನೆ ಆವರ್ತನದ ಮೋಡ್‌ಗಳು (ಕಂಪಿಸದೆ ಇಡಿಯಾಗಿ ಸರಿಯುವ, ತಿರುಗುವ ಚಲನೆಗಳು) 6 ಇರಬೇಕು. ನನಗೆ ಬಂದದ್ದು 12. ಒಂದು ಬ್ರಾಕೆಟ್‌ಗೆ ಗ್ಲೂ ಸಂಪರ್ಕವೇ (ಮೇಲ್ಮೈಗಳನ್ನು ಅಂಟಿಸುವ ಕೊಂಡಿ) ಬಿದ್ದಿರಲಿಲ್ಲ; ಬಿಡಿಯಾಗಿ ತೇಲುತ್ತಿದ್ದ ಅದರದ್ದೇ ಇನ್ನೂ 6 ಸೇರಿತ್ತು! ತಾನಾಗಿ ಜೋಡಿಸುವ ಆಯ್ಕೆಯಲ್ಲಿ ಹುಡುಕುವ ಅಂತರ 0.1 ಮಿ.ಮೀ. ಇತ್ತು, ಅಲ್ಲಿನ ಸಂದು 0.3. ಒಂದು ಮಧ್ಯಾಹ್ನ ಅದಕ್ಕೇ ಹೋಯಿತು.

ಬೋಲ್ಟ್‌ಗಳಿಗೆ ಆರ್‌ಬಿಇ2 ಜೇಡರಬಲೆಯನ್ನೂ (ರಂಧ್ರದ ಅಂಚನ್ನು ನಡುವಿನ ಬಿಂದುವಿಗೆ ಕಟ್ಟುವ, ಬಾಗದ ಕೊಂಡಿಗಳು) ಬೋಲ್ಟ್‌ನ ಬದಲಿಗೆ ನಿಲ್ಲುವ ನಡುವಿನ ಬೀಮ್ ಅನ್ನೂ ಹೆಣೆದುಕೊಡುವ ಸಲಕರಣೆ ಮಾತ್ರ ಬಲು ಅಚ್ಚುಕಟ್ಟು. ಆದರೆ ಆರ್‌ಬಿಇ2 ರಂಧ್ರದ ಅಂಚನ್ನು ವಾಸ್ತವಕ್ಕಿಂತ ಗಡುಸಾಗಿಸುತ್ತದೆ. ಅಲ್ಲಿನ ಸ್ಟ್ರೆಸ್ ಅಂಕಿಗಳನ್ನು ನಾನು ವರದಿಗೆ ಹಾಕುವುದಿಲ್ಲ.

ಐದಕ್ಕೆ ನಾಲ್ಕು ಅಂಕ. ಎರಡು ಮೂರು ಬಿಡಿಭಾಗಗಳ ಕೆಲಸಕ್ಕೆ ಇದನ್ನು ತೆರೆಯುವ ಅಗತ್ಯವಿಲ್ಲ.